ಮನಸ್ಸಿನ ತೊಂದರೆಗೆ ಬದುಕಿನ ಕಡೆಯಿಂದ ಕೈಹಾಕುವುದು ಹೇಗೆ: ಸಮಾಜಕಾರ್ಯಕರ್ತರಿಗೊಂದು ಮಾರ್ಗದರ್ಶಿ

ಮಾನಸಿಕ ಆರೋಗ್ಯದ ಕೇಸೊಂದು ನಿಮ್ಮ ಕೈಗೆ ಬಂದಾಗ ಫೈಲಿನ ಮೊದಲ ಪುಟದಲ್ಲಿ ಕಾಯಿಲೆಯ ಹೆಸರಿರುತ್ತದೆ. ಖಿನ್ನತೆ, ಆತಂಕ, ಸ್ಕಿಜೋಫ್ರೇನಿಯಾ, ಹೀಗೆ ಏನೋ ಒಂದು. ಅದರ ಕೆಳಗೆ ಮಾತ್ರೆಗಳ ಪಟ್ಟಿ. ಆದರೆ ಈ ಮನುಷ್ಯ ರಾತ್ರಿ ಎಲ್ಲಿ ಮಲಗುತ್ತಾನೆ, ಎಷ್ಟು ಸಾಲ ಇದೆ, ಕಷ್ಟ ಬಂದಾಗ ಯಾರಿಗೆ ಫೋನ್ ಮಾಡುತ್ತಾನೆ ಅನ್ನುವುದು ಹುಡುಕಿದರೂ ಸಿಗುವುದಿಲ್ಲ. ಸಮಾಜಕಾರ್ಯಕರ್ತರ ಕೆಲಸ ಶುರುವಾಗುವುದೇ ಇಲ್ಲಿಂದ.

ಸಾಮಾಜಿಕ ವಿಧಾನ ಅಂದರೆ ಇಷ್ಟು: ತೊಂದರೆಯನ್ನು ತಲೆಯೊಳಗೆ ಮಾತ್ರ ಹುಡುಕದೆ ಆ ವ್ಯಕ್ತಿ ಬದುಕುತ್ತಿರುವ ಪರಿಸ್ಥಿತಿಯಲ್ಲೂ ಹುಡುಕುವುದು, ಅಲ್ಲೇ ಏನಾದರೂ ಬದಲಾಯಿಸುವುದು. ಇದು ಬರೀ ಅನುಕಂಪದ ಮಾತಲ್ಲ. ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಎಂಬ ಸಂಶೋಧಕರು ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಮಹಿಳೆಯರ ಬದುಕನ್ನು ಕೂಲಂಕಷವಾಗಿ ನೋಡಿ, 1978ರಲ್ಲಿ ತಾವು ಕಂಡದ್ದನ್ನು ಪ್ರಕಟಿಸಿದರು. ಖಿನ್ನತೆಗೆ ಜಾರಿದ ಹೆಚ್ಚಿನವರ ಬದುಕಿನಲ್ಲಿ ಅದಕ್ಕೆ ಮೊದಲು ಒಂದು ದೊಡ್ಡ ಏಟೋ, ಬಹಳ ಕಾಲದಿಂದ ಬಿಡದ ಕಷ್ಟವೋ ಇತ್ತು. ಏಟು ಬಿದ್ದವರೆಲ್ಲ ಜಾರಿರಲಿಲ್ಲ. ಯಾರಿಗೆ ಅಪಾಯ ಜಾಸ್ತಿ ಅಂದರೆ, ಮನಸ್ಸು ಬಿಚ್ಚಿ ಮಾತಾಡಲು ಹತ್ತಿರದವರು ಇಲ್ಲದವರಿಗೆ, ಮನೆಯಲ್ಲಿ 14 ವರ್ಷದೊಳಗಿನ ಮೂರು ಅಥವಾ ಹೆಚ್ಚು ಮಕ್ಕಳಿದ್ದವರಿಗೆ, ಹೊರಗೆ ಕೆಲಸ ಇಲ್ಲದವರಿಗೆ, 11 ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವರಿಗೆ. ಕೊನೆಯದನ್ನು ಯಾರೂ ಬದಲಾಯಿಸಲಾರರು. ಉಳಿದ ಮೂರರಲ್ಲಿ ನಾವು ಮಾಡಬಹುದಾದದ್ದು ಬೇಕಾದಷ್ಟಿದೆ.

ಹಾಗಂತ ಇದು ಮಾತ್ರೆಯ ವಿರುದ್ಧ ಹೇಳುತ್ತಿರುವ ಮಾತಲ್ಲ. ಎಷ್ಟೋ ಜನರಿಗೆ ಮಾತ್ರೆ ಬೇಕೇ ಬೇಕು. ದೇಹ, ಮನಸ್ಸು, ಸಮಾಜ ಮೂರನ್ನೂ ಸೇರಿಸಿ ನೋಡಬೇಕು ಎಂದು ವಾದಿಸಿದ ಜಾರ್ಜ್ ಎಂಗಲ್ ಸ್ವತಃ ವೈದ್ಯರು. ಅವರು ಹಾಗೆ ಬರೆದದ್ದು 1977ರಲ್ಲಿ. ಆ ಮೂರರಲ್ಲಿ ಕೊನೆಯದು ಇಂದಿಗೂ ಬಹಳ ಕಡೆ ಕಾಗದದ ಮೇಲೇ ಉಳಿದಿದೆ ಅನ್ನುವುದು ನನ್ನ ಬೇಸರ. ಅದನ್ನು ಕೆಲಸಕ್ಕೆ ಇಳಿಸುವುದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲ ಭೇಟಿ: ಲಕ್ಷಣಕ್ಕಿಂತ ಮೊದಲು ದಿನಚರಿ ಕೇಳಿ

ಸಾಧ್ಯವಾದರೆ ಮೊದಲ ಅಥವಾ ಎರಡನೇ ಭೇಟಿ ಅವರ ಮನೆಯಲ್ಲೇ ಆಗಲಿ. ಅವರು ಒಪ್ಪಿದರೆ ಮಾತ್ರ. ಆಫೀಸಿನ ಕುರ್ಚಿಯಲ್ಲಿ ಕೂತವರು ರೋಗಿಯ ಹಾಗೆ ಮಾತಾಡುತ್ತಾರೆ, ತಮ್ಮ ಮನೆಯಲ್ಲಿ ಮನುಷ್ಯರ ಹಾಗೆ. ನೀವು ಬರೆದುಕೊಳ್ಳುವುದು ಏನು, ಅದನ್ನು ಯಾರು ಓದುತ್ತಾರೆ, ಯಾವ ಸಂದರ್ಭದಲ್ಲಿ ಗುಟ್ಟು ಕಾಪಾಡಲು ಆಗುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡಿ. ಜೀವಕ್ಕೆ ಅಪಾಯ ಇದ್ದರೆ, ಮಗುವಿಗೆ ಹಿಂಸೆ ಆಗುತ್ತಿದ್ದರೆ ಸುಮ್ಮನಿರಲು ಆಗುವುದಿಲ್ಲ ಅಂತ ನೇರವಾಗಿ ಹೇಳಿದರೆ ಜನ ಬೇಜಾರು ಮಾಡಿಕೊಳ್ಳುವುದಿಲ್ಲ. ಆಮೇಲೆ ಗೊತ್ತಾದರೆ ನಂಬಿಕೆ ಹೋಗುತ್ತದೆ.

ಆಮೇಲೆ ನಿನ್ನೆಯ ದಿನ ಹೇಗಿತ್ತು ಅಂತ ಕೇಳಿ. ಎಷ್ಟು ಗಂಟೆಗೆ ಎದ್ದರು, ಊಟ ಯಾರು ಮಾಡಿದರು, ಮಧ್ಯಾಹ್ನ ಏನು ಮಾಡಿದರು, ಯಾರ ಜೊತೆ ಮಾತಾಡಿದರು, ರಾತ್ರಿ ಹೇಗಿತ್ತು. ಒಂದು ದಿನದ ಕಥೆಯಲ್ಲಿ ಹಣ, ಜಾಗ, ಸಂಬಂಧ, ಭಯ ಎಲ್ಲವೂ ತಾವಾಗಿಯೇ ಹೊರಗೆ ಬರುತ್ತವೆ.

ಉದಾಹರಣೆಗೆ, ನಿದ್ದೆ ಬರುವುದಿಲ್ಲ ಅಂತ ಬಂದ ಒಬ್ಬ ಮಹಿಳೆಯ ಜೊತೆಗಿನ ಮಾತು ಹೀಗೆ ಸಾಗಬಹುದು:

"ನಿದ್ದೆ ಬರ್ತಿಲ್ಲ ಅಂದ್ರಲ್ಲ ಅಕ್ಕಾ, ಯಾವಾಗಿಂದ?"

"ಮೂರು ತಿಂಗಳಾಯ್ತು."

"ಆಗ ಮನೇಲಿ ಏನಾದ್ರೂ ಬದಲಾಯ್ತಾ?"

"ಏನಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇವರ ಕೆಲಸ ಹೋಯ್ತು. ಬಾಡಿಗೆ ಬಾಕಿ ಇದೆ. ಓನರ್ ಬಂದು ಬಾಗಿಲು ಬಡೀತಾರೆ."

"ಯಾವ ಹೊತ್ತಲ್ಲಿ ಬರ್ತಾರೆ?"

"ರಾತ್ರಿ ಹನ್ನೊಂದು. ಒಂದೊಂದ್ಸಲ ಹನ್ನೆರಡು."

ಹನ್ನೊಂದಕ್ಕೆ ಬಾಗಿಲು ಬಡಿಯುತ್ತಾರೆ ಅಂತ ಗೊತ್ತಿರುವ ಮನೆಯಲ್ಲಿ ಹತ್ತಕ್ಕೆ ಯಾರಿಗೆ ನಿದ್ದೆ ಬಂದೀತು? "ಏನಿಲ್ಲ" ಅಂದ ಮೇಲೆ ಬಂದ ಮಾತನ್ನು ಗಮನಿಸಿ. ಆ ಸ್ವಲ್ಪ ಹೊತ್ತು ನೀವೂ ಸುಮ್ಮನಿದ್ದರೆ ಮಾತ್ರ ಅದು ಬರುತ್ತದೆ. ಫಾರಂ ತುಂಬುವ ಗಡಿಬಿಡಿಯಲ್ಲಿ ಮುಂದಿನ ಪ್ರಶ್ನೆಗೆ ಹಾರಿದರೆ "ನಿದ್ರಾಹೀನತೆ, ಮೂರು ತಿಂಗಳು" ಅಂತಷ್ಟೇ ಫೈಲಿಗೆ ಹೋಗುತ್ತದೆ.

ಮನೆಯವರ ಎದುರಲ್ಲೇ ಎಲ್ಲವನ್ನೂ ಕೇಳಬೇಡಿ. ಒಬ್ಬರನ್ನೇ ಮಾತಾಡಿಸುವ ಹೊತ್ತು ಪ್ರತಿ ಭೇಟಿಯಲ್ಲೂ ಸ್ವಲ್ಪ ಇರಲಿ. ಮನೆಯೊಳಗಿನ ಹೊಡೆತ, ಬೈಗುಳ, ಲೈಂಗಿಕ ಹಿಂಸೆ ಬೇರೆಯವರ ಮುಂದೆ ಬಾಯಿಗೆ ಬರುವುದೇ ಇಲ್ಲ.

ಅಪಾಯ ಇದೆಯಾ ನೋಡಿ

ಇದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳುವಂತಿಲ್ಲ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ನೇರವಾಗಿ, ಮೆಲ್ಲನೆ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಬಹಳ ಜನರಿಗೆ ಕೊನೆಗೂ ಒಬ್ಬರು ಕೇಳಿದರಲ್ಲ ಅಂತ ನಿರಾಳವಾಗುತ್ತದೆ. ಹೌದು ಅಂದರೆ, ಹೇಗೆ, ಯಾವಾಗ ಅಂತ ಯೋಚಿಸಿದ್ದಾರಾ, ಮೊದಲು ಪ್ರಯತ್ನಿಸಿದ್ದರಾ, ಅದಕ್ಕೆ ಬೇಕಾದ ವಸ್ತು ಕೈಗೆ ಸಿಗುವ ಹಾಗಿದೆಯಾ ಕೇಳಿ. ಕೀಟನಾಶಕ, ಕೂಡಿಟ್ಟ ಮಾತ್ರೆ ಇಂಥವನ್ನು ಮನೆಯಿಂದ ದೂರ ಮಾಡಿಸುವುದು ಜೀವ ಉಳಿಸುವ ಕೆಲಸ. ಯೋಜನೆ ಸ್ಪಷ್ಟವಾಗಿದ್ದರೆ ಅವರನ್ನು ಒಬ್ಬರೇ ಬಿಡಬೇಡಿ. ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ನಿಮ್ಮ ಮೇಲ್ವಿಚಾರಕರಿಗೆ ತಿಳಿಸಿ.

ಒಂದು ಹಾಳೆ, ಒಂದು ಪೆನ್ನು: ಸಂಬಂಧಗಳ ನಕ್ಷೆ

ನನಗೆ ಬಹಳ ಇಷ್ಟವಾದ ಸಾಧನ ಇದು. ಇಕೋಮ್ಯಾಪ್ ಅನ್ನುತ್ತಾರೆ. ಅಮೆರಿಕದ ಸಮಾಜಕಾರ್ಯ ಪ್ರಾಧ್ಯಾಪಕಿ ಆ್ಯನ್ ಹಾರ್ಟ್‌ಮನ್ 1970ರ ದಶಕದಲ್ಲಿ ರೂಪಿಸಿದ್ದು. ಹಾಳೆಯ ಮಧ್ಯೆ ಒಂದು ವೃತ್ತ, ಅದರೊಳಗೆ ಆ ವ್ಯಕ್ತಿ ಮತ್ತು ಅವರ ಮನೆಯವರು. ಸುತ್ತಲೂ ಅವರ ಬದುಕಿಗೆ ತಾಗುವ ಜನ, ಜಾಗ, ಸಂಸ್ಥೆಗಳಿಗೆ ಒಂದೊಂದು ವೃತ್ತ. ಸಂಬಂಧ ಗಟ್ಟಿ ಇದ್ದರೆ ದಪ್ಪ ಗೆರೆ. ತೆಳುವಾಗಿದ್ದರೆ ಚುಕ್ಕಿ ಗೆರೆ. ಒತ್ತಡ, ಜಗಳ ಇದ್ದರೆ ಅಂಕುಡೊಂಕು ಗೆರೆ. ಯಾರಿಂದ ಯಾರಿಗೆ ಶಕ್ತಿ, ಸಮಯ, ಹಣ ಹರಿಯುತ್ತಿದೆ ಅನ್ನುವುದಕ್ಕೆ ಬಾಣ.

ಪೆನ್ನನ್ನು ಅವರ ಕೈಗೇ ಕೊಡಿ. ಬರೆಯಲು ಬರದಿದ್ದರೆ ನೀವು ಬರೆಯಿರಿ, ಆದರೆ ಎಲ್ಲಿ ಯಾವ ಗೆರೆ ಅಂತ ಅವರೇ ಹೇಳಲಿ.

ಮೇಲಿನ ಮಹಿಳೆಯ ನಕ್ಷೆಯನ್ನೇ ತೆಗೆದುಕೊಳ್ಳಿ. ಗಂಡ, ಇಬ್ಬರು ಮಕ್ಕಳು, ಕಾಯಿಲೆಯ ಅತ್ತೆ, ಮಕ್ಕಳ ಶಾಲೆ, ಮನೆ ಓನರ್, ಆಸ್ಪತ್ರೆ. ಬಾಣ ಹಾಕುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಎಲ್ಲ ಬಾಣಗಳೂ ಅವರಿಂದ ಹೊರಗೆ ಹೋಗುತ್ತಿವೆ, ಒಂದೂ ಅವರ ಕಡೆ ಬರುತ್ತಿಲ್ಲ. ಇದನ್ನು ನೀವು ಬಾಯಿಬಿಟ್ಟು ಹೇಳುವ ಮೊದಲೇ ಅವರಿಗೆ ಕಾಣುತ್ತದೆ. ಹಾಳೆಯ ಮೂಲೆಯಲ್ಲಿ ಅಕ್ಕನಿಗೆ ಒಂದು ಸಣ್ಣ ವೃತ್ತ, ಚುಕ್ಕಿ ಗೆರೆ. ಜಗಳ ಆಗಿದೆಯಾ ಅಂದರೆ, "ಇಲ್ಲ, ನಾಚಿಕೆ. ಹೋದ್ರೆ ದುಡ್ಡು ಕೇಳೋಕೆ ಬಂದ್ಲು ಅಂದ್ಕೋತಾರೆ ಅಂತ ಹೋಗೋದೇ ಬಿಟ್ಟೆ." ನಿಮ್ಮ ಮುಂದಿನ ಕೆಲಸದ ಅರ್ಧ ಭಾಗ ಆ ಚುಕ್ಕಿ ಗೆರೆಯಲ್ಲಿದೆ.

ಬರೀ ಕೊರತೆ ಹುಡುಕಬೇಡಿ. ಇಷ್ಟು ಕಷ್ಟದಲ್ಲೂ ಇವರು ಇಲ್ಲಿಯವರೆಗೆ ಹೇಗೆ ನಿಭಾಯಿಸಿದರು ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಮಕ್ಕಳನ್ನು ಒಂದು ದಿನವೂ ಶಾಲೆ ತಪ್ಪಿಸಿಲ್ಲ ಅನ್ನುವುದು ಸಣ್ಣ ವಿಷಯ ಅಲ್ಲ, ಅಲ್ವಾ?

ಎಲ್ಲಿಂದ ಶುರು ಮಾಡಬೇಕು ಅಂತ ಅವರೇ ಹೇಳಲಿ

ನಕ್ಷೆ ಮುಗಿದಾಗ ಹತ್ತು ಸಮಸ್ಯೆ ಎದುರಿಗಿರುತ್ತವೆ. ಎಲ್ಲದಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಜಿಂಬಾಬ್ವೆಯ ಫ್ರೆಂಡ್‌ಶಿಪ್ ಬೆಂಚ್ ಅನ್ನುವ ಕಾರ್ಯಕ್ರಮ ಈ ವಿಷಯದಲ್ಲಿ ದೊಡ್ಡ ಪಾಠ. ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಶುರು ಮಾಡಿದ್ದು. ತರಬೇತಿ ಪಡೆದ ಅಜ್ಜಿಯರು ಕ್ಲಿನಿಕ್ಕಿನ ಹೊರಗೆ ಬೆಂಚಿನ ಮೇಲೆ ಕೂತು ಬಂದವರ ಮಾತು ಕೇಳುತ್ತಾರೆ. ಸಮಸ್ಯೆಗಳನ್ನೆಲ್ಲ ಹೇಳಿಸಿಕೊಂಡು, ಅದರಲ್ಲಿ ಒಂದನ್ನು ಆ ವ್ಯಕ್ತಿಯಿಂದಲೇ ಆರಿಸಿ, ಅದಕ್ಕೊಂದು ಸಣ್ಣ ಪರಿಹಾರ ಯೋಚಿಸಿ, ಮುಂದಿನ ಸಲ ಏನಾಯಿತು ಅಂತ ವಿಚಾರಿಸುತ್ತಾರೆ. ಅಲ್ಲಿನ ರಾಜಧಾನಿ ಹರಾರೆಯ 24 ಕ್ಲಿನಿಕ್ಕುಗಳಲ್ಲಿ 573 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಸುಮಾರು 50% ಜನರಿಗೆ ಖಿನ್ನತೆಯ ಲಕ್ಷಣಗಳಿದ್ದವು. ಬೆಂಚಿಗೆ ಬಂದವರಲ್ಲಿ ಅದು ಸುಮಾರು 14%.

ಗುರಿಯನ್ನು ಅವರ ಮಾತಿನಲ್ಲೇ ಬರೆಯಿರಿ. "ನಿದ್ರೆಯ ಗುಣಮಟ್ಟ ಸುಧಾರಣೆ" ಅಂತ ಬರೆದರೆ ಅದು ಯಾರ ಗುರಿಯೂ ಅಲ್ಲ. "ಓನರ್ ರಾತ್ರಿ ಬರೋದು ನಿಲ್ಲಬೇಕು" ಅನ್ನುವುದು ಗುರಿ. ಆಯಿತೋ ಇಲ್ಲವೋ ಅಂತ ಯಾರು ಬೇಕಾದರೂ ಹೇಳಬಹುದು.

ಹಣ, ಮನೆ, ಕೆಲಸ

ಇದು ಸಮಾಜಕಾರ್ಯದ ಅಸಲಿ ಭಾಗ. ಆಪ್ತಸಮಾಲೋಚನೆಗೆ ಹೋಲಿಸಿದರೆ ಇದಕ್ಕೆ ಗೌರವ ಕಡಿಮೆ ಅನ್ನುವ ಭಾವನೆ ನಮ್ಮಲ್ಲೇ ಇದೆ. ನಾನು ಒಪ್ಪುವುದಿಲ್ಲ. ಅರ್ಜಿ ತುಂಬಿಸುವುದು, ಸರದಿಯಲ್ಲಿ ಜೊತೆಗೆ ನಿಲ್ಲುವುದು, ಪತ್ರ ಬರೆಯುವುದು ಕೂಡ ಚಿಕಿತ್ಸೆಯೇ.

ಸಾಲ ಇದ್ದರೆ ಮೊದಲು ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ. ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಕಟ್ಟದಿದ್ದರೆ ಏನಾಗುತ್ತದೆ. ಮನೆ, ಕರೆಂಟು, ಊಟಕ್ಕೆ ಕುತ್ತು ತರುವ ಬಾಕಿ ಮೊದಲು. ಜೋರು ಮಾಡುತ್ತಾರೆ ಅನ್ನುವ ಕಾರಣಕ್ಕೆ ಯಾರಿಗೋ ಮೊದಲು ಕಟ್ಟಿಬಿಡುವುದು ಎಲ್ಲರೂ ಮಾಡುವ ತಪ್ಪು. ತಿಂಗಳಿಗೆ ನಿಜಕ್ಕೂ ಎಷ್ಟು ಕೊಡಲು ಆಗುತ್ತದೆ ಅಂತ ಲೆಕ್ಕ ಹಾಕಿ. ಆಸೆಯಿಂದ ಜಾಸ್ತಿ ಬರೆದು ಎರಡನೇ ತಿಂಗಳೇ ತಪ್ಪಿದರೆ ಇದ್ದ ಧೈರ್ಯವೂ ಹೋಗುತ್ತದೆ.

ಓನರ್ ಜೊತೆ ಮಾತಾಡಬೇಕು ಅಂದಾಗ ಮೂರು ದಾರಿ ಅವರ ಮುಂದಿಡಿ: "ನೀವೇ ಮಾತಾಡ್ತೀರಾ, ನಾನು ಮಾತಾಡ್ಲಾ, ಇಬ್ಬರೂ ಸೇರಿ ಹೋಗೋಣ್ವಾ?" ಅವರೇ ಮಾತಾಡುತ್ತೇನೆ ಅಂದರೆ ಮನೆಯಲ್ಲಿ ಕೂತು ಒಮ್ಮೆ ರೂಢಿ ಮಾಡಿಸಿ. ನೀವು ಓನರ್ ಆಗಿ, ಅವರು ಅವರಾಗಿ. ಹಗಲು ಹೊತ್ತಿನಲ್ಲಿ ಹೋಗಿ, ಬರೆದ ಲೆಕ್ಕ ತೆಗೆದುಕೊಂಡು ಹೋಗಿ, ಒಪ್ಪಂದವನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ಕಾಯಿಲೆಯ ಹೆಸರು ಎತ್ತಬೇಡಿ. ಅನುಕಂಪ ಸಿಗಲಿ ಅಂತ ನೀವು ಹೇಳಿದ ಒಂದು ಮಾತು ನಾಳೆ ಅವರನ್ನು ಮನೆ ಬಿಡಿಸುವುದಕ್ಕೆ ನೆಪವಾಗಬಹುದು. ನೀವು ಯಾವ ಸಂಸ್ಥೆಯಿಂದ ಬಂದಿದ್ದೀರಿ ಅಂತ ಹೇಗೆ ಪರಿಚಯ ಮಾಡಿಕೊಳ್ಳಬೇಕು ಅನ್ನುವುದನ್ನೂ ಅವರನ್ನು ಕೇಳಿಯೇ ತೀರ್ಮಾನಿಸಿ.

ಮನೆಯೇ ಇಲ್ಲದವರ ವಿಷಯದಲ್ಲಿ ಬಹಳ ಕಾಲ ನಡೆದುಬಂದ ಪದ್ಧತಿ ಅಂದರೆ ಮೊದಲು ಕುಡಿತ ಬಿಡು, ಮಾತ್ರೆ ನುಂಗು, ಆಮೇಲೆ ಮನೆ. ನ್ಯೂಯಾರ್ಕಿನಲ್ಲಿ 1992ರಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಅದನ್ನು ತಿರುಗಿಸಿದರು. ಮೊದಲು ಬೀಗ ಹಾಕಬಹುದಾದ ಮನೆ, ಕುಡಿತ ಬಿಡಬೇಕು, ಮಾತ್ರೆ ನುಂಗಬೇಕು ಅನ್ನುವ ಷರತ್ತಿಲ್ಲದೆ. ಉಳಿದ ನೆರವು ಆಮೇಲೆ, ಅವರು ಬೇಕು ಅಂದಷ್ಟು. ಹೌಸಿಂಗ್ ಫಸ್ಟ್ ಅನ್ನುವ ಈ ಪದ್ಧತಿಯನ್ನು ಕೆನಡಾದ ಐದು ನಗರಗಳಲ್ಲಿ 2,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಿದಾಗ, ಮಾಮೂಲಿ ಸೇವೆ ಪಡೆದವರಿಗಿಂತ ಇವರು ಬಹಳ ಹೆಚ್ಚು ದಿನ ಸ್ಥಿರವಾಗಿ ಮನೆಯಲ್ಲಿ ಉಳಿದರು. ನಿಮ್ಮ ಕೈಯಲ್ಲಿ ಕೊಡಲು ಮನೆ ಇಲ್ಲದಿರಬಹುದು. ಆದರೂ ಆಶ್ರಯಕ್ಕೆ ಷರತ್ತು ಹಾಕುವ ಸಂಸ್ಥೆಯ ಜೊತೆ ವಾದ ಮಾಡಲು ಈ ಅನುಭವ ಸಾಕು.

ಕೆಲಸದ ವಿಷಯವೂ ಹೀಗೇ. ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ವರ್ಷಗಟ್ಟಲೆ ತರಬೇತಿಯಲ್ಲಿ ಕೂರಿಸುವ ಬದಲು, ಅವರಿಗೆ ಇಷ್ಟವಾದ ನಿಜವಾದ, ಸಂಬಳದ ಕೆಲಸ ಬೇಗ ಹುಡುಕಿಕೊಟ್ಟು, ಕೆಲಸದಲ್ಲಿರುವಾಗಲೇ ಬೆಂಬಲ ಕೊಡುವ ಪದ್ಧತಿ ಇದೆ. ಅಮೆರಿಕದ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಇದನ್ನು ಬೆಳೆಸಿದರು. ಹಲವು ದೇಶಗಳ ಪ್ರಯೋಗಗಳಲ್ಲಿ ಹಳೆಯ ತರಬೇತಿ ಪದ್ಧತಿಗಿಂತ ಇದರಲ್ಲಿ ಕೆಲಸ ಸಿಕ್ಕವರು ಸುಮಾರು ಎರಡು ಪಟ್ಟು. ಹಾಗಾಗಿ "ಇವರಿಗೆ ಕೆಲಸ ಮಾಡೋಕೆ ಆಗುತ್ತಾ?" ಅನ್ನುವುದನ್ನು ಬಿಡಿ. "ಯಾವ ಕೆಲಸ, ದಿನಕ್ಕೆ ಎಷ್ಟು ಹೊತ್ತು, ಯಾವ ಹೊತ್ತಲ್ಲಿ?" ಅಂತ ಕೇಳಿ. ಬೆಳಗ್ಗೆ ಮಾತ್ರೆಯ ಮಂಪರು ಇರುವವರಿಗೆ ಮಧ್ಯಾಹ್ನದ ಪಾಳಿ ಹೊಂದಬಹುದು. ಅಷ್ಟು ಸರಳ ಬದಲಾವಣೆಯಿಂದ ಕೆಲಸ ಉಳಿದುಕೊಳ್ಳುತ್ತದೆ.

ಮನೆಯವರ ಜೊತೆ

1972ರಲ್ಲಿ ಮೇಲೆ ಹೇಳಿದ ಜಾರ್ಜ್ ಬ್ರೌನ್ ಮತ್ತು ಅವರ ಜೊತೆಗಿನ ಸಂಶೋಧಕರಾದ ಬರ್ಲಿ, ವಿಂಗ್ ಒಂದು ಮುಖ್ಯ ಸಂಗತಿಯನ್ನು ತೋರಿಸಿದರು. ಸ್ಕಿಜೋಫ್ರೇನಿಯಾ ಇರುವವರು ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ, ಮನೆಯಲ್ಲಿ ಟೀಕೆ, ಸಿಟ್ಟು ಅಥವಾ ಅತಿಯಾದ ಕಾಳಜಿ ಜಾಸ್ತಿ ಇದ್ದರೆ ಕಾಯಿಲೆ ಮರುಕಳಿಸುವುದು ಹೆಚ್ಚು. ಇದನ್ನು ಹಿಡಿದುಕೊಂಡು ಮನೆಯವರ ಮೇಲೆ ತಪ್ಪು ಹೊರಿಸಬೇಡಿ, ದಯವಿಟ್ಟು. ಆ ಸಿಟ್ಟಿನ ಹಿಂದೆ ವರ್ಷಗಳ ಸುಸ್ತು, ಭಯ, ದುಡ್ಡಿನ ಚಿಂತೆ ಇರುತ್ತದೆ. "ಸೋಮಾರಿ, ಬೇಕಂತಲೇ ಏಳಲ್ಲ" ಅನ್ನುವ ತಂದೆಗೆ, ಏಳಲು ಆಗದಿರುವುದೂ ಕಾಯಿಲೆಯ ಭಾಗ, ಕೆಲವು ಸಲ ಮಾತ್ರೆಯ ಪರಿಣಾಮ ಅಂತ ಯಾರೂ ವಿವರಿಸಿಯೇ ಇರುವುದಿಲ್ಲ. ಅದನ್ನು ಕೂತು ವಿವರಿಸಿ. ನೋಡಿಕೊಳ್ಳುವವರಿಗೆ ವಾರದಲ್ಲಿ ಕೆಲವು ಗಂಟೆಯಾದರೂ ಬಿಡುವು ಸಿಗುವ ಹಾಗೆ ಮಾಡಿ. ಇಡೀ ದಿನ ಒಬ್ಬರ ಮುಖ ಒಬ್ಬರು ನೋಡಿಕೊಂಡಿರುವುದು ತಪ್ಪಿದರೆ ಇಬ್ಬರಿಗೂ ಒಳ್ಳೆಯದು. ಮನೆಯವರಿಂದಲೇ ಹಿಂಸೆ ಆಗುತ್ತಿದ್ದರೆ ಮಾತ್ರ ಇದು ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ರಕ್ಷಣೆ ಮೊದಲು.

ಒಂಟಿತನಕ್ಕೆ ಕೈಹಾಕಿ

148 ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2010ರಲ್ಲಿ ಬಂತು. ಗಟ್ಟಿ ಸಂಬಂಧಗಳಿರುವವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ, ಅಂಥ ಸಂಬಂಧಗಳಿಲ್ಲದವರಿಗಿಂತ 50% ಹೆಚ್ಚು ಅಂತ ಅದು ಹೇಳಿತು. ಸಂಬಂಧ ಅನ್ನುವುದು ದೇಹಕ್ಕೂ ಬೇಕು.

ಆದರೆ "ಹೊರಗೆ ಹೋಗಿ, ಜನರ ಜೊತೆ ಬೆರೆಯಿರಿ" ಅನ್ನುವ ಸಲಹೆಯಿಂದ ಏನೂ ಆಗುವುದಿಲ್ಲ. ಒಬ್ಬ ವ್ಯಕ್ತಿ, ಒಂದು ಜಾಗ, ಒಂದು ಹೊತ್ತು ಅಂತ ಗೊತ್ತು ಮಾಡಿ. ಗುಂಪಿಗೆ ಸೇರಿಸುವುದಾದರೆ ಮೊದಲ ಸಲ ನೀವೇ ಜೊತೆಗೆ ಹೋಗಿ, ಅಲ್ಲಿ ಒಬ್ಬರಿಗೆ ಮೊದಲೇ ಹೇಳಿಟ್ಟಿರಿ. 1948ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಫೌಂಟನ್ ಹೌಸ್ ಅನ್ನುವ ಸಂಸ್ಥೆ ಬೆಳೆಸಿದ ಕ್ಲಬ್‌ಹೌಸ್ ಪದ್ಧತಿಯಲ್ಲಿ ಬಂದವರು ರೋಗಿಗಳಲ್ಲ, ಸದಸ್ಯರು. ಅಡುಗೆ, ಲೆಕ್ಕ, ಸ್ವಾಗತ ಎಲ್ಲ ಸಿಬ್ಬಂದಿಯ ಜೊತೆ ಅವರೇ ಮಾಡುತ್ತಾರೆ. ತಾನು ಬರದಿದ್ದರೆ ಇವತ್ತು ಒಂದು ಕೆಲಸ ನಿಲ್ಲುತ್ತದೆ ಅಂತ ಗೊತ್ತಿರುವುದು ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸುತ್ತದೆ. ನಿಮ್ಮ ಗುಂಪು ಎಷ್ಟೇ ಚಿಕ್ಕದಿರಲಿ, ಪ್ರತಿಯೊಬ್ಬರಿಗೂ ಒಂದು ಜವಾಬ್ದಾರಿ ಕೊಡಿ.

ನಮ್ಮ ಮಹಿಳೆಯ ಅಕ್ಕನ ವಿಷಯ? ಒಂದು ಫೋನ್ ಕರೆ. ಮೊದಲ ವಾಕ್ಯ ಏನಿರಬೇಕು ಅಂತ ಇಬ್ಬರೂ ಕೂತು ಯೋಚಿಸಿ. "ಅಕ್ಕಾ, ದುಡ್ಡಿಗಲ್ಲ, ನಿನ್ನ ಹತ್ರ ಮಾತಾಡ್ಬೇಕು ಅನ್ನಿಸ್ತು" ಅನ್ನುವಷ್ಟು ಸಾಕು.

ವೈದ್ಯರಿಗೆ ನೀವು ಕಂಡದ್ದನ್ನು ತಲುಪಿಸಿ

ವೈದ್ಯರ ಮುಂದೆ ಕೆಲವೇ ನಿಮಿಷ ಇರುತ್ತದೆ. ವ್ಯಕ್ತಿಯ ಒಪ್ಪಿಗೆ ಪಡೆದು ಅರ್ಧ ಪುಟದ ಪತ್ರ ಕಳಿಸಿ: ಏನು ಬದಲಾಯಿತು, ಯಾವಾಗ, ಈಗ ಏನು ಮಾಡುತ್ತಿದ್ದೇವೆ, ಮಾತ್ರೆಯಿಂದ ಏನು ತೊಂದರೆ. ಮಾತ್ರೆ ನಿಲ್ಲಿಸಿ ಅಂತ ನೀವಾಗಿ ಎಂದೂ ಹೇಳಬೇಡಿ. ಕೆಲವು ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಅಪಾಯ. ಸುಸ್ತು, ತೂಕದಲ್ಲಿ ಏರುಪೇರು ಇದ್ದರೆ ಥೈರಾಯ್ಡ್, ರಕ್ತಹೀನತೆ ಪರೀಕ್ಷೆ ಆಗಿದೆಯಾ ಅಂತ ಕೇಳಿ. ದೇಹದ ಕಾಯಿಲೆಯೂ ಖಿನ್ನತೆಯ ವೇಷ ಹಾಕುತ್ತದೆ.

ಒಂದೇ ಕಷ್ಟ ಹಲವರದ್ದಾದಾಗ

ನಿಮ್ಮ ಫೈಲುಗಳನ್ನು ಆಗಾಗ ಒಟ್ಟಿಗೆ ಇಟ್ಟು ನೋಡಿ. ಒಂದೇ ಕಾರ್ಖಾನೆಯಿಂದ ಐದು ಜನ ಆತಂಕದಿಂದ ಬಂದಿದ್ದರೆ ಐವರಿಗೂ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುವುದು ಸಾಲದು. ಅಲ್ಲಿ ಏನು ನಡೆಯುತ್ತಿದೆ ಅಂತ ಕೇಳಬೇಕು. ಹೆಸರು ತೆಗೆದು, ವಿವರ ಕೂಡಿಸಿ, ನಿಮ್ಮ ಸಂಸ್ಥೆಯ ಮೂಲಕ ಸಂಬಂಧಪಟ್ಟವರಿಗೆ ಬರೆಯಿರಿ. ತೊಂದರೆ ಅನುಭವಿಸಿದವರೇ ಮಾತಾಡಲು ಮುಂದೆ ಬಂದರೆ ಅವರ ಹಿಂದೆ ನಿಲ್ಲಿ, ಮುಂದೆ ಅಲ್ಲ.

ಇದು ಆಗದ ಮಾತು ಅನ್ನಿಸಿದರೆ ಇಟಲಿಯ ಟ್ರಿಯೆಸ್ಟೆಯನ್ನು ನೋಡಿ. 1971ರಲ್ಲಿ ಮನೋವೈದ್ಯ ಫ್ರಾಂಕೊ ಬಸಾಲಿಯ ಅಲ್ಲಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿ ಬಂದಾಗ ಒಳಗೆ ಸುಮಾರು 1,200 ಜನರಿದ್ದರು. ಬಾಗಿಲು ತೆರೆದರು, ಸಹಕಾರ ಸಂಘ ಕಟ್ಟಿ ಅಲ್ಲಿದ್ದವರಿಗೆ ಸಂಬಳದ ಕೆಲಸ ಕೊಟ್ಟರು, ಊರಿನೊಳಗೆ ದಿನವಿಡೀ ತೆರೆದಿರುವ ಕೇಂದ್ರಗಳನ್ನು ಕಟ್ಟಿದರು. 1978ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಗಳಿಗೆ ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸುವ ಕಾನೂನು ಇಡೀ ದೇಶಕ್ಕೆ ಬಂತು.

ಆಯಿತಾ ಇಲ್ಲವಾ ನೋಡುವುದು, ಕೇಸ್ ಮುಗಿಸುವುದು

ತಿಂಗಳಿಗೊಮ್ಮೆ ಆ ಹಾಳೆ ಹೊರಗೆ ತೆಗೆಯಿರಿ. ಯಾವ ಗೆರೆ ದಪ್ಪವಾಯಿತು, ಯಾವ ಬಾಣ ತಿರುಗಿತು ಅಂತ ಅವರೇ ತಿದ್ದಲಿ. ನಿದ್ದೆ, ಊಟ, ಮನಸ್ಥಿತಿಯ ಪ್ರಶ್ನಾವಳಿ ಇದ್ದರೆ ಅದೂ ಇರಲಿ. ಎರಡೂ ಒಂದೇ ಕಡೆ ಸಾಗದಿದ್ದರೆ, ಅಂದರೆ ಬಾಡಿಗೆ ಸಮಸ್ಯೆ ತೀರಿದ ಮೇಲೂ ನಿದ್ದೆ ಬರುತ್ತಿಲ್ಲ ಅಂದರೆ, ಬೇರೆ ಏನೋ ಇದೆ. ವಾಪಸ್ ಮೊದಲ ಹೆಜ್ಜೆಗೆ ಹೋಗಿ, ವೈದ್ಯರಿಗೂ ತಿಳಿಸಿ.

ಕೇಸ್ ಮುಗಿಸುವ ದಿನವನ್ನು ಮೊದಲೇ ಹೇಳಿ, ಭೇಟಿಗಳ ನಡುವಿನ ಅಂತರ ನಿಧಾನಕ್ಕೆ ಹೆಚ್ಚಿಸಿ. ನಕ್ಷೆಯಲ್ಲಿ ನಿಮ್ಮದೂ ಒಂದು ವೃತ್ತ ಇದ್ದರೆ ಅದರ ಗೆರೆ ತೆಳುವಾಗುತ್ತಾ, ಬೇರೆಯವರದ್ದು ಗಟ್ಟಿಯಾಗುತ್ತಾ ಬರಬೇಕು. ಕೊನೆಯ ಭೇಟಿಯಲ್ಲಿ ಒಂದು ಚೀಟಿ ಬರೆದು ಕೊಡಿ: ತೊಂದರೆ ಮತ್ತೆ ಶುರುವಾಗುತ್ತಿದೆ ಅನ್ನುವ ಮೊದಲ ಸೂಚನೆಗಳು, ಆಗ ಫೋನ್ ಮಾಡಬೇಕಾದ ಮೂವರ ಹೆಸರು, ಆಸ್ಪತ್ರೆಯ ನಂಬರ್, ನಿಮ್ಮ ಸಂಸ್ಥೆಯ ನಂಬರ್. ಆ ಮೂವರಲ್ಲಿ ಇಬ್ಬರಾದರೂ ಸಂಬಳಕ್ಕೆ ಕೆಲಸ ಮಾಡುವವರಾಗಿರದೆ ಅವರ ಸ್ವಂತ ಜನ ಆಗಿರಲಿ. ಅವರಿಗೂ ಮೊದಲೇ ಹೇಳಿ ಒಪ್ಪಿಸಿರಿ. ನಕ್ಷೆಯ ಹಾಳೆಯನ್ನು ಫೈಲಿಗೆ ಸೇರಿಸುವ ಮೊದಲು ಒಂದು ಪ್ರತಿ ಮಾಡಿಸಿ ಅವರ ಕೈಗೆ ಕೊಡಿ.